ತುಂಬದ ಹಗೇವು

"ಸರ್, ಡಿಸ್ಕಿನಲ್ಲಿ ಎಷ್ಟು ಜಾಗವಿದೆ ಎಂದು ಪ್ರೋಗ್ರಾಂ ಕೇಳುತ್ತದೆ, ಆಪರೇಟಿಂಗ್ ಸಿಸ್ಟಂ ಹೇಳುತ್ತದೆ. ಹಾಗಾದರೆ ಪ್ರೋಗ್ರಾಂ ಡಿಸ್ಕನ್ನು ನೋಡುವುದೇ ಇಲ್ಲವೇ?"

ಕೇಳಿದವಳು ನೀಲಾಂಬಿಕೆ. ಜಾನಪದ ವಿಭಾಗದ ಸಂಶೋಧಕಿ, ಪ್ರೋಗ್ರಾಂ ಬರೆಯುವುದನ್ನು ನಿಜಗುಣಯ್ಯ ಮಾಸ್ತರರಲ್ಲಿ ಕಲಿತವಳು. ಕುರ್ಚಿಯಿದ್ದರೂ ಕೂರಲಾರದಷ್ಟು ಹುರುಪಿನಲ್ಲಿದ್ದಳು. ಮೂರು ವರ್ಷ ಊರೂರು ಅಲೆದು ಮುದುಕಿಯರಿಂದ ಬೀಸುವ ಹಾಡುಗಳನ್ನು ಹಾಡಿಸಿ ಧ್ವನಿಮುದ್ರಿಸಿಕೊಂಡಿದ್ದಳು. ಒಟ್ಟು ಸಾವಿರದ ನೂರು ಹಾಡು. ಹಾಡಿದವರಲ್ಲಿ ಅರ್ಧದಷ್ಟು ಜನ ಈಗಿಲ್ಲ. ನಿನ್ನೆ ಅವನ್ನೆಲ್ಲ ಹೊಸ ಡಿಸ್ಕಿಗೆ ತಾನೇ ಬರೆದ ಪ್ರೋಗ್ರಾಮಿನಿಂದ ಸಾಗಿಸಿದ್ದಳು. ಡಿಸ್ಕು ರಸ್ತೆ ಬದಿಯಲ್ಲಿ ಕೊಂಡದ್ದು, ಬಲು ಅಗ್ಗ. ಸಾಗಿಸುವ ಮೊದಲು ಜಾಗ ಎಷ್ಟಿದೆಯೆಂದು ಕೇಳಿದಾಗ ಎರಡು ಟೆರಾಬೈಟ್ ಎಂಬ ಉತ್ತರ ಬಂದಿತ್ತು. ಆಮೇಲೆ ಕೇಳಿದಾಗ ಎಷ್ಟು ಕಡಿಮೆಯಾಗಬೇಕೋ ಅಷ್ಟೇ ಕಡಿಮೆಯಾಗಿತ್ತು. ಹಳೆಯ ಡಿಸ್ಕು ವಿಭಾಗದ್ದು. ಅದನ್ನು ಪೂರ್ತಿ ಅಳಿಸಿ ಇವತ್ತು ಬೆಳಿಗ್ಗೆ ಕಚೇರಿಗೆ ಹಿಂತಿರುಗಿಸಿ ಬಂದಿದ್ದಳು.

ಮಾಸ್ತರರು ಲೆಕ್ಕ ಸರಿಬಂತೆಂದು ಹಿಗ್ಗುವ ಪೈಕಿಯವರಲ್ಲ. ಅವರು ಒಂದು ಕತೆ ಹೇಳಿದರು.

ಒಬ್ಬ ರೈತನಿದ್ದ. ಆ ವರ್ಷ ಅವನ ಕಣದಲ್ಲಿ ಅರವತ್ತು ಚೀಲ ಜೋಳ ರಾಶಿಬಿದ್ದಿತ್ತು. ಅಷ್ಟು ಬೆಳೆಯನ್ನು ಅವನ ಅಪ್ಪನೂ ಕಂಡಿರಲಿಲ್ಲ. ಮನೆಮಂದಿಯ ಊಟ, ಮುಂದಿನ ಬಿತ್ತನೆ, ಎಲ್ಲ ಅದರಲ್ಲೇ. ಆಗ ಪಡುವಣದಲ್ಲಿ ಮೋಡ ಕಟ್ಟಿತು.

ಆ ಊರಿನಲ್ಲಿ ಕಾಳನ್ನು ನೆಲದೊಳಗೆ ತೋಡಿದ ಹಗೇವುಗಳಲ್ಲಿ ಇಡುತ್ತಿದ್ದರು. ಯಾವ ಹಗೇವು ಎಲ್ಲಿದೆ, ಎಷ್ಟು ಹಿಡಿಯುತ್ತದೆ ಎಂದು ಕಾವಲುಗಾರನನ್ನು ಕೇಳಬೇಕು. ಅವನನ್ನು ಕೇಳದೆ ಯಾರೂ ಮುಚ್ಚಳ ಎತ್ತುವಂತಿಲ್ಲ. ಅವನಾದರೂ ಒಳಗಿಳಿದು ನೋಡಿ ಹೇಳುತ್ತಿದ್ದನೆಂದಲ್ಲ. ಮುಚ್ಚಳದ ಕಲ್ಲಿನ ಮೇಲೆ ಕೆತ್ತಿದ್ದನ್ನು ಓದಿ ಹೇಳುತ್ತಿದ್ದ. ಇಡೀ ಊರು ಇದನ್ನು ವ್ಯವಸ್ಥೆ ಎಂದು ಕರೆಯುತ್ತಿತ್ತು.

ರೈತ ಓಡಿಬಂದು ಕೇಳಿದ. ಕಾವಲುಗಾರ ಕಲ್ಲನ್ನು ನೋಡಿ, "ಅರವತ್ತು ಚೀಲ. ಖಾಲಿ ಐತಿ" ಎಂದ. ರೈತ ಅಲ್ಲೇ ರುಮಾಲು ಬಿಗಿದ. ನಾಲ್ಕು ಬಂಡಿಗಳು ಹೊರಟವು. ಆಳುಗಳು ಚೀಲ ಹೊತ್ತು ಓಡಿದರು, ಸುರಿದರು, ಮತ್ತೆ ಓಡಿದರು. ಒಂದೊಂದು ಚೀಲಕ್ಕೂ ಕಾವಲುಗಾರ ಕಲ್ಲಿನ ಮೇಲೆ ಸುಣ್ಣದ ಗೆರೆ ಎಳೆದ. ಗುಡುಗು ಹತ್ತಿರವಾಗುತ್ತಿತ್ತು. ನಲವತ್ತನೆಯ ಚೀಲ ಸುರಿದ ಆಳು ಬಗ್ಗಿ ಒಳಗೆ ಇಣುಕಿದ.

"ಇದು ತುಂಬವಲ್ದು, ಯಜಮಾನ್ರ."

"ತುಂಬಲಿಲ್ಲಂದ್ರ ಚಲೋನ ಆತಲ್ಲೋ. ನೀ ಏನು ಹಗೇವಿಗೆ ಹೆಣ್ಣು ಕೊಡಾಂವೇನು? ಸುರಿ."

ಅರವತ್ತನೆಯ ಚೀಲವೂ ಒಳಗೆ ಹೋಯಿತು. ಅರವತ್ತನೆಯ ಗೆರೆಯೂ ಬಿತ್ತು. ಕಲ್ಲು ಮುಚ್ಚಿ ಮಣ್ಣು ಮೆತ್ತುವಷ್ಟರಲ್ಲಿ ಮೊದಲ ಹನಿ ಬಿತ್ತು. ರೈತ ಮಳೆಯಲ್ಲಿ ನೆನೆಯುತ್ತಾ ನಗುತ್ತಾ ಮನೆಗೆ ಹೋದ. ಊರಿಗೆಲ್ಲ ಬೆಲ್ಲ ಹಂಚಿದ.

ಐದು ತಿಂಗಳ ಮೇಲೆ ಹಗೇವು ತೆಗೆಸಿದರು. ಆಳು ದೀಪ ಹಿಡಿದು ಇಳಿದ. ಗೋಡೆಗೆ ಒತ್ತಿಕೊಂಡು ಎಂಟು ಚೀಲದಷ್ಟು ಜೋಳ ಉಳಿದಿತ್ತು. ನಡುವೆ ತಳವೇ ಇರಲಿಲ್ಲ. ಕೆಳಗೆಲ್ಲೋ ನೀರು ಹರಿಯುವ ಸದ್ದು ಕೇಳುತ್ತಿತ್ತು.

ರೈತ ಕಾವಲುಗಾರನ ಕೊರಳಪಟ್ಟಿ ಹಿಡಿದ. "ಅರವತ್ತು ಹಿಡಿತೈತಿ ಅಂದಿದ್ದೆಲ್ಲೋ?"

"ನಾ ಎಲ್ಲಿ ಅಂದೆ? ಕಲ್ಲು ಅಂತು. ನಾ ನಿಮಗ ಮುಟ್ಟಿಸಿದೆ."

"ಕಲ್ಲಿಗೆ ಯಾರು ಹೇಳಿದ್ರು?"

"ಹಗೇವು ಮಾರಿದಾಂವ ಕೆತ್ತಿಸಿದ್ದು."

ರೈತ ಕೈ ಬಿಟ್ಟ. ಕಾವಲುಗಾರ ಸುಳ್ಳು ಹೇಳಿರಲಿಲ್ಲ. ಗೆರೆಗಳೂ ಸರಿಯಾಗಿ ಅರವತ್ತೇ ಇದ್ದವು.

ನೀಲಾಂಬಿಕೆಯ ಮುಖ ಅರಳಿತು. ಉತ್ತರ ಹೊಳೆದ ಖುಷಿಯಲ್ಲಿ ಅವಳು ಮೇಜಿನ ಮೇಲೆ ಕೈ ಬಡಿದಳು. "ಗೊತ್ತಾಯಿತು ಸರ್. ಪ್ರೋಗ್ರಾಂ ಆಪರೇಟಿಂಗ್ ಸಿಸ್ಟಂ ಅನ್ನು ಕೇಳುತ್ತದೆ, ಅದು ಡಿಸ್ಕನ್ನೇ ಕೇಳುತ್ತದೆ, ಡಿಸ್ಕು ತನ್ನನ್ನು ತಯಾರಿಸಿದವನು ಬರೆದಿಟ್ಟದ್ದನ್ನು ಒಪ್ಪಿಸುತ್ತದೆ. ಒಳಗೆ ನೋಡಿದವರು ಯಾರೂ ಇಲ್ಲ. ಆದರೂ ಆ ರೈತ ಶುದ್ಧ ದಡ್ಡ. ಗೆರೆ ನೋಡಿ ಕುಣಿಯುವ ಬದಲು ಒಂದು ಹಿಡಿ ಕಾಳು ಮೇಲೆ ತೆಗೆದು ನೋಡಬಾರದಿತ್ತೇ?"

ಮಾಸ್ತರರು ಕನ್ನಡಕ ತೆಗೆದು ಒರೆಸಿಕೊಂಡರು.

"ನೀನು ಯಾವ ಹಾಡನ್ನು ತೆರೆದು ಕೇಳಿದೆ?"

ನೀಲಾಂಬಿಕೆ ಮೇಜಿನಿಂದ ಕೈ ತೆಗೆದು, ಚೀಲದಲ್ಲಿದ್ದ ಹೊಸ ಡಿಸ್ಕನ್ನು ಹೊರತೆಗೆದಳು.