ಗುಡ್ಡದ ಮೇಲೆ ನಿಂತವನು

“ಗುರುಗಳೇ, ಈರಭದ್ರನನ್ನು ಬೇರೆ ಮಠಕ್ಕೆ ಕಳಿಸಬಾರದೇ?” ಎಂದು ಶಿಷ್ಯ ಕೇಳಿದ.

ಯಾಕೆಂದು ಗುರುಗಳು ಕೇಳಲಿಲ್ಲ. ಶಿಷ್ಯನೇ ಹೇಳಿದ. ಸಂಜೆಯ ಹೊತ್ತು ಶಿಷ್ಯ ಜನರಿಗೆ ಪ್ರವಚನ ಮಾಡುತ್ತಿದ್ದ. ಕೇಳಿದವರೆಲ್ಲ ತಲೆದೂಗಿ ಹೋಗುತ್ತಿದ್ದರು. ಸಹಪಾಠಿ ಈರಭದ್ರ ಮಾತ್ರ ಜನ ಏಳುವುದಕ್ಕೂ ಮೊದಲೇ ಎದ್ದು, ಇಲ್ಲಿ ಅರ್ಥ ತಪ್ಪಿತು, ಅಲ್ಲಿ ಮಾತು ಬೆಳೆಯಿತು ಎಂದು ಎಲ್ಲರ ಎದುರಿಗೇ ಹೇಳುತ್ತಿದ್ದ.

“ತಪ್ಪು ತೋರಿಸಲಿ, ಬೇಡವೆನ್ನುವುದಿಲ್ಲ. ಆದರೆ ಅವನು ಪ್ರೀತಿಯಿಂದ ಹೇಳುವುದಿಲ್ಲ. ನಾನು ಎಡವಿದರೆ ಅವನಿಗೆ ಹಬ್ಬ” ಎಂದ.

ಗುರುಗಳು ಹೊದ್ದಿದ್ದ ಶಾಲನ್ನು ಸರಿಮಾಡಿಕೊಂಡು ಈ ಕತೆ ಹೇಳಿದರು.

ಒಂದು ಬೆಟ್ಟದ ಕೋಟೆ. ಅದಕ್ಕೊಬ್ಬ ನಾಯಕ. ಆ ಕೋಟೆಯಲ್ಲಿ ಒಬ್ಬ ತೋಪಿನವನಿದ್ದ. ಅವನ ತೋಪು ಗಿಡ್ಡದು, ಅಗಲ ಬಾಯಿಯದು, ಮುಖ ಆಕಾಶಕ್ಕೆ. ಅದು ಉಗುಳಿದ ಕಲ್ಲಿನ ಗುಂಡು ಮೇಲಕ್ಕೇರಿ, ಎದುರಿನ ದಿಬ್ಬವನ್ನು ದಾಟಿ, ಆಚೆ ಕಡೆ ಬೀಳುತ್ತಿತ್ತು. ಗುರಿ ತಪ್ಪದವನೆಂದು ನಾಯಕ ಅವನ ಕೈಗೆ ಬೆಳ್ಳಿಯ ಕಡಗ ತೊಡಿಸಿದ್ದ. ತೊಟ್ಟ ದಿನದಿಂದ ಅವನು ಅದನ್ನು ಸ್ನಾನಕ್ಕೂ ತೆಗೆದವನಲ್ಲ.

ಅದೇ ಕೋಟೆಯಲ್ಲಿ ಒಬ್ಬ ಕಲ್ಲುಕುಟಿಗನಿದ್ದ. ತೋಪಿಗೆ ಗುಂಡು ಕಡೆದು ಕೊಡುವುದು ಅವನ ಕೆಲಸ. ಒಬ್ಬರನ್ನು ಕಂಡರೆ ಒಬ್ಬರಿಗೆ ಆಗುತ್ತಿರಲಿಲ್ಲ. ಗುಂಡು ಎಂದಾದರೂ ಪಕ್ಕಕ್ಕೆ ಸರಿದರೆ ತೋಪಿನವನು, “ಗುಂಡು ದುಂಡಗಿಲ್ಲ” ಎನ್ನುತ್ತಿದ್ದ. ಕಲ್ಲುಕುಟಿಗ, “ಗುಂಡು ದುಂಡಗೇ ಇದೆ, ಕೈ ಸೊಟ್ಟಗಿದೆ” ಎನ್ನುತ್ತಿದ್ದ. ಜಗಳ ಇವರಲ್ಲೇ ನಿಲ್ಲದೆ ಹೆಂಡಂದಿರಿಗೂ ಹತ್ತಿತ್ತು. ನೀರಿನ ಹೊಂಡದ ಮೆಟ್ಟಿಲ ಮೇಲೆ ಕೊಡಕ್ಕೆ ಕೊಡ ತಾಗಿ ಒಂದೆರಡು ಒಡೆದೂ ಇದ್ದವು.

ಹೀಗಿರುವಾಗ ಶತ್ರು ಬಂದು ಕೋಟೆಗೆ ಮುತ್ತಿಗೆ ಹಾಕಿದ. ದಿಬ್ಬದ ಮರೆಯಲ್ಲಿ ತನ್ನ ದೊಡ್ಡ ತೋಪನ್ನು ಹೂಡಿ, ಆ ಹೊಂಡದ ಕಟ್ಟೆಗೇ ಹೊಡೆಯತೊಡಗಿದ. ಕೋಟೆಗೆ ಬೇರೆ ನೀರಿರಲಿಲ್ಲ. ಕಟ್ಟೆ ಒಡೆದರೆ ಇದ್ದ ನೀರೆಲ್ಲ ಬೆಟ್ಟದ ಬುಡಕ್ಕೆ ಹರಿದುಹೋಗುತ್ತಿತ್ತು. ಆಮೇಲೆ ಬಾಗಿಲು ತೆರೆಯದೆ ದಾರಿಯಿರಲಿಲ್ಲ.

ಶತ್ರುವಿನ ತೋಪನ್ನು ಹೊಡೆಯಬೇಕು. ಆದರೆ ತೋಪಿನವನು ನಿಂತಲ್ಲಿಂದ ಅದು ಕಾಣುತ್ತಿರಲಿಲ್ಲ. ಕೋಟೆಯೊಳಗಿನ ಬಂಡೆಗುಡ್ಡದ ನೆತ್ತಿಯಿಂದ ಮಾತ್ರ ದಿಬ್ಬದ ಆಚೆ ಕಾಣುತ್ತಿತ್ತು. ಅಲ್ಲೊಬ್ಬ ಕಾವಲಿನವನು ಕೆಂಪು ಬಾವುಟ ಹಿಡಿದು ನಿಲ್ಲುವುದು ಹಿಂದಿನಿಂದ ಬಂದ ಪದ್ಧತಿ. ಗುಂಡು ಗುರಿಗೆ ತಗುಲಿದರೆ ಅವನು ಬಾವುಟ ಬೀಸಬೇಕು. ಬಾವುಟ ಕಂಡೊಡನೆ ಬುರುಜಿನ ಮೇಲೆ ಕೊಂಬು ಊದಬೇಕು. ತಪ್ಪಿದರೆ ಏನು ಮಾಡಬೇಕೆಂದು ಯಾರೂ ಗೊತ್ತುಮಾಡಿರಲಿಲ್ಲ. ನಾಯಕರ ತೋಪು ತಪ್ಪಿತೆಂದು ಊರಿಗೆಲ್ಲ ಸಾರುವ ಬಾವುಟ ಯಾರಿಗೆ ಬೇಕಾಗಿತ್ತು?

ಆಗ ಕಾವಲಿದ್ದವನು ತೋಪಿನವನ ಮೈದುನ, ಹೆಂಡತಿಯ ತಮ್ಮ. ಅವನಿಗೆ ಭಾವನೆಂದರೆ ಪ್ರಾಣ.

ಮೊದಲ ದಿನ ತೋಪಿನವನು ಬೆಳಗಿನಿಂದ ಹೊಡೆದ. ಹೊಡೆದಾಗಲೆಲ್ಲ ಬಾವುಟ ಬೀಸಿತು. ಕೊಂಬು ಕೂಗಿತು. ಗೋಡೆಯ ಮೇಲೆ ಸಾಲಾಗಿ ನಿಂತ ಜನ ಕುಣಿದರು. ಹೆಂಗಸರು ಬಂದು ತೋಪಿಗೆ ಆರತಿ ಎತ್ತಿದರು. ಆದರೆ ಸಂಜೆಯ ಹೊತ್ತಿಗೆ ಹೊಂಡದ ಕಟ್ಟೆ ಬಿರುಕು ಬಿಟ್ಟು ನೀರು ಜಿನುಗತೊಡಗಿತು. ತೋಪಿನವನು ಕಿವಿಗೊಟ್ಟು ಕೇಳಿದ. ಶತ್ರುವಿನ ತೋಪು ಬೆಳಿಗ್ಗೆ ಗುಡುಗಿದ ಕಡೆಯಿಂದಲೇ ಗುಡುಗುತ್ತಿತ್ತು. ಅಷ್ಟು ಸಲ ಪೆಟ್ಟು ತಿಂದ ತೋಪಿಗೆ ಅಷ್ಟು ಗಟ್ಟಿ ದನಿ ಎಲ್ಲಿಯದು?

ಅವನು ಒಬ್ಬನೇ ಗುಡ್ಡ ಹತ್ತಿದ. ಇನ್ನೂ ಬೆಳಕಿತ್ತು. ದಿಬ್ಬದ ಆಚೆ ನೋಡಿದ. ಅವನ ಗುಂಡುಗಳೆಲ್ಲ ಹೊಲದ ತುಂಬ ಚೆಲ್ಲಿಕೊಂಡಿದ್ದವು. ಒಂದೂ ತೋಪಿನ ಹತ್ತಿರ ಸುಳಿದಿರಲಿಲ್ಲ. ಶತ್ರುವಿನ ಸಿಪಾಯಿಯೊಬ್ಬ ಒಂದು ಗುಂಡಿನ ಮೇಲೆ ಕೂತು ರೊಟ್ಟಿ ತಿನ್ನುತ್ತಿದ್ದ.

“ಇದೇನೋ ಇದು?” ಎಂದ ತೋಪಿನವನು.

ಮೈದುನ ತಲೆ ತಗ್ಗಿಸಿದ. “ಊರಿಗೆ ಊರೇ ಬಾವುಟ ನೋಡ್ತಾ ನಿಂತಿರುತ್ತೆ ಭಾವ. ಬೀಸದೆ ನಾನು ಹೇಗೆ ಸುಮ್ಮನಿರಲಿ? ನಿಮ್ಮ ಕೈಯಲ್ಲಿ ಕಡಗ ಇದೆ. ಮುಂದಿನದು ತಗುಲುತ್ತೆ, ಮುಂದಿನದು ತಗುಲುತ್ತೆ ಅಂತ ಬೀಸಿದೆ.”

ತೋಪಿನವನಿಗೆ ಸಿಟ್ಟು ಬರಲಿಲ್ಲ. ಹುಡುಗನ ಕಣ್ಣಲ್ಲಿ ನೀರಿತ್ತು. ಆ ನೀರಿನ ಹಿಂದೆ ದಿಬ್ಬದ ಆಚೆಯದು ಇವನಿಗೆ ಕಾಣುವುದಾದರೂ ಹೇಗೆ ಎಂದುಕೊಂಡು ಕೆಳಗಿಳಿದ.

ನಾಯಕನಿಗೆ ಇದ್ದದ್ದು ಇದ್ದಂತೆ ಹೇಳಿದ. ನಾಯಕ ತೋಪಿನ ಮದ್ದಿನ ಉಗ್ರಾಣಕ್ಕೆ ಹೋಗಿ ನೋಡಿ ಬಂದ. ಆಮೇಲೆ, “ಮದ್ದು ತಳ ಕಂಡಿದೆ. ನಾಳೆ ಸಂಜೆಯೊಳಗೆ ಆ ತೋಪು ಬಾಯಿ ಮುಚ್ಚದಿದ್ದರೆ ಬಾಗಿಲು ತೆರೆಯುತ್ತೇನೆ. ಮಕ್ಕಳನ್ನು ಬಾಯಾರಿಸಿ ಕೊಲ್ಲಲಾರೆ” ಎಂದ. “ಗುಡ್ಡದ ಮೇಲೆ ಯಾರನ್ನು ನಿಲ್ಲಿಸುತ್ತೀಯೆ?”

ತೋಪಿನವನು ತನ್ನವರನ್ನೆಲ್ಲ ಮನಸ್ಸಿನಲ್ಲೇ ಒಬ್ಬೊಬ್ಬರಾಗಿ ಗುಡ್ಡಕ್ಕೆ ಹತ್ತಿಸಿ ನೋಡಿದ. ಅಣ್ಣನನ್ನು ನಿಲ್ಲಿಸಿದ, ಬಾವುಟ ಬೀಸಿತು. ಗೆಳೆಯನನ್ನು ನಿಲ್ಲಿಸಿದ, ಬಾವುಟ ಬೀಸಿತು. ತನ್ನ ಮಾನ ಕಾಯುವವರೇ ಎಲ್ಲರೂ. ಕೊನೆಗೆ ಒಂದೇ ಮುಖ ಉಳಿಯಿತು.

ಬೆಳಗಾಗುತ್ತಲೇ ಅವನು ಕಲ್ಲುಕುಟಿಗನ ಬಾಗಿಲಿಗೆ ಹೋದ. ಕಲ್ಲುಕುಟಿಗ ಅಂಗಳದಲ್ಲಿ ಕೂತು ಗುಂಡು ಕಡೆಯುತ್ತಿದ್ದ. ಉಳಿ ನಿಲ್ಲಿಸಲಿಲ್ಲ.

“ಏನಯ್ಯಾ ಕಡಗದವನೇ, ದಾರಿ ತಪ್ಪಿ ಬಂದೆಯೋ? ಗುಂಡಿನ ಹಾಗೆ?”

“ಗುಡ್ಡದ ಮೇಲೆ ನಿಲ್ಲಬೇಕು ನೀನು” ಎಂದ ತೋಪಿನವನು.

ಉಳಿ ನಿಂತಿತು.

“ನಿನ್ನ ಗುಂಡು ಎಲ್ಲಿ ಬೀಳುತ್ತದೆ ಅನ್ನುವುದನ್ನು ಊರ ಮುಂದೆ ನಾನು ಬೀಸಿ ತೋರಿಸಬೇಕೋ?”

“ಹೌದು.”

“ತಪ್ಪಿದ್ದೆಲ್ಲ?”

“ತಪ್ಪಿದ್ದನ್ನೇ. ದಿಬ್ಬಕ್ಕೆ ಮುಖ ಮಾಡಿ ನಿಲ್ಲು. ಎಡಕ್ಕೆ ನಮ್ಮ ಗುಡಿ, ಬಲಕ್ಕೆ ಆಲದ ಮರ. ಗುಡಿಯ ಕಡೆ ಬಿದ್ದರೆ ಗುಡಿಯ ಕಡೆ ಬೀಸು, ಆಲದ ಮರದ ಕಡೆ ಬಿದ್ದರೆ ಆ ಕಡೆ ಬೀಸು. ಆಚೆ ಹೋದರೆ ಬಾವುಟ ಮೇಲೆತ್ತು. ಈಚೆ ಬಿದ್ದರೆ ನೆಲಕ್ಕಿಳಿಸು. ಬಹಳ ತಪ್ಪಿದರೆ ಬಹಳ ಬೀಸು, ಸ್ವಲ್ಪ ತಪ್ಪಿದರೆ ಸ್ವಲ್ಪ.”

“ತಗುಲಿದರೆ?”

“ತಗುಲಿದರೆ ಸುಮ್ಮನೆ ನಿಲ್ಲು. ಅದನ್ನು ನೀನು ಹೇಳಬೇಕಾಗಿಲ್ಲ.”

ಕಲ್ಲುಕುಟಿಗ ಎದ್ದು ಮೈಮೇಲಿನ ಕಲ್ಲಿನ ಪುಡಿ ಕೊಡವಿಕೊಂಡ. ಹೆಂಡತಿಯನ್ನು ಕೂಗಿ, “ಲೇ, ನನ್ನ ಮದುವೆಯ ಪೇಟ ತೆಗೆದುಕೊಡೆ” ಎಂದ.

ಪೇಟ ಸುತ್ತಿಕೊಂಡೇ ಅವನು ಗುಡ್ಡ ಹತ್ತಿದ. ಜನ ಗೋಡೆಯ ಮೇಲೆ ನೆರೆದರು. ಕೊಂಬಿನವನು ಕೊಂಬನ್ನು ತುಟಿಗಿಟ್ಟು ಕಾದ. ತೋಪಿನವನು ಬತ್ತಿಗೆ ಬೆಂಕಿ ಮುಟ್ಟಿಸಿದ. ಗುಂಡು ಹಾರಿತು. ಬಾವುಟ ಗುಡಿಯ ಕಡೆಗೆ ಬೀಸಿತು. ಬೀಸಿದ್ದೇ ಬೀಸಿದ್ದು. ಕಲ್ಲುಕುಟಿಗ ಅಷ್ಟಕ್ಕೇ ಬಿಡದೆ ಬಂಡೆಯ ಮೇಲೆ ಒಂದು ಸುತ್ತು ಕುಣಿದ. ಬೀಸುವ ಹೊಸ ಬಗೆ ಏನೆಂದು ಬೆಳಿಗ್ಗೆಯೇ ಊರಿಗೆಲ್ಲ ತಿಳಿದಿತ್ತು. ಮೊದಲು ಯಾರೋ ಒಬ್ಬ ನಕ್ಕ. ಆಮೇಲೆ ಗೋಡೆಯೇ ನಕ್ಕಿತು.

“ಗುರಿ ತಪ್ಪದವನಂತೆ!” ಎಂದಿತು ಒಂದು ದನಿ.

ತೋಪಿನವನ ಕಿವಿ ಸುಟ್ಟುಹೋಯಿತು. ಕೈಯಲ್ಲಿದ್ದ ಕಡಗ ಎಂದಿಲ್ಲದಷ್ಟು ಭಾರವಾಯಿತು. ಆದರೆ ಹಿಂದಿನ ದಿನವೆಲ್ಲ ಹೊಡೆದರೂ ತಿಳಿಯದಿದ್ದ ಒಂದು ಸಂಗತಿ ಅವನಿಗೆ ಆಗ ತಿಳಿಯಿತು. ತನ್ನ ಗುಂಡು ಗುಡಿಯ ಕಡೆ ಹೋಗುತ್ತದೆ. ಅವನು ಬಾಗಿ ತೋಪಿನ ಮೂತಿಯನ್ನು ಆಲದ ಮರದ ಕಡೆಗೆ ಸರಿಸಿದ. ಸರಿಸುವಾಗ ಕಡಗ ತೋಪನ್ನು ಹೊತ್ತ ಮರದ ತೊಲೆಗೆ ತಾಗಿ ತೊಡಕಾಯಿತು. ಅದನ್ನು ಕಳಚಿ ಮದ್ದಿನ ಚೀಲದ ಪಕ್ಕದಲ್ಲಿಟ್ಟ.

ಎರಡನೆಯ ಗುಂಡಿಗೆ ಬಾವುಟ ಆಲದ ಕಡೆ ಬೀಸಿ, ಮೇಲಕ್ಕೆ ಎದ್ದಿತು. ಗೋಡೆ ಮತ್ತೆ ನಕ್ಕಿತು. ತೋಪಿನವನು ನಗುವ ಕಡೆ ನೋಡಲಿಲ್ಲ. ಬಾವುಟವನ್ನು ನೋಡಿದ. ಹೋದ ಸಲದಷ್ಟು ಅಗಲವಾಗಿ ಅದು ಬೀಸಿರಲಿಲ್ಲ. ತೋಪಿನ ಮೂತಿಯನ್ನು ತುಸು ಗುಡಿಯ ಕಡೆಗೆ ಹಿಂದಕ್ಕೆ ತಂದು, ಬಾಯಿಯ ಕೆಳಗಿನ ಬೆಣೆಯನ್ನು ಒಂದಿಷ್ಟು ಒಳಗೆ ಬಡಿದು, ಮದ್ದನ್ನು ಹಿಡಿಯಷ್ಟು ಕಡಿಮೆ ಮಾಡಿದ.

ಅತ್ತ ಶತ್ರುವಿನ ಗುಂಡು ಬಂದು ಹೊಂಡದ ಕಟ್ಟೆಗೆ ಬಡಿಯಿತು. ಒಂದು ಕಲ್ಲು ಕಳಚಿಬಿತ್ತು. ನಗುತ್ತಿದ್ದ ಹೆಂಗಸರು ಕೊಡಗಳನ್ನು ಹಿಡಿದು ಓಡಿದರು.

ತೋಪಿನವನು ಮತ್ತೆ ಹೊಡೆದ. ಬಾವುಟ ನೆಲಕ್ಕಿಳಿಯಿತು. ಮತ್ತೆ ಹೊಡೆದ. ಒಂದು ಮೊಳದಷ್ಟು ಗುಡಿಯ ಕಡೆ ಆಡಿತು. ಕಲ್ಲುಕುಟಿಗ ಈಗ ಕುಣಿಯುತ್ತಿರಲಿಲ್ಲ. ಕಣ್ಣಿನ ಮೇಲೆ ಕೈಯಿಟ್ಟುಕೊಂಡು ಮುಂದಕ್ಕೆ ಬಾಗಿದ್ದ. ಪೇಟ ಎಲ್ಲಿ ಬಿದ್ದಿತ್ತೋ, ತಲೆ ಬರಿದಾಗಿತ್ತು. ಮತ್ತೊಂದು ಗುಂಡಿಗೆ ಬಾವುಟ ಗೇಣಿನಷ್ಟು ಮೇಲೆದ್ದಿತು. ಗೋಡೆಯ ಮೇಲೆ ನಗು ನಿಂತಿತು. ಬೀಸು ಚಿಕ್ಕದಾಗುತ್ತಿರುವುದನ್ನು ಈಗ ಎಲ್ಲರೂ ಕಂಡರು. ತಾಯಂದಿರು ಮಕ್ಕಳ ಬಾಯಿಗೆ ಕೈ ಅಡ್ಡ ಹಿಡಿದರು.

ಮದ್ದಿನ ಚೀಲದಲ್ಲಿ ಉಳಿದದ್ದು ಒಂದು ಹೊಡೆತಕ್ಕೆ ಸಾಲುವಷ್ಟು. ತೋಪಿನವನು ಬೆಣೆಯನ್ನು ಬೆರಳಿನಿಂದಲೇ ಒಂದು ಕೂದಲೆಳೆಯಷ್ಟು ಒತ್ತಿದ. ಗುಂಡನ್ನು ಕೈಗೆತ್ತಿಕೊಂಡು ಸುತ್ತ ತಡವಿದ. ತೋಪಿಗಿಳಿಸಿ ಬತ್ತಿ ಮುಟ್ಟಿಸಿದ.

ಗುಂಡು ಹೋಯಿತು. ಎಲ್ಲರೂ ಗುಡ್ಡದ ಕಡೆ ನೋಡಿದರು. ಬಾವುಟ ಗುಡಿಯ ಕಡೆ ಆಡಲಿಲ್ಲ. ಆಲದ ಕಡೆ ಆಡಲಿಲ್ಲ. ಮೇಲೇಳಲಿಲ್ಲ, ಕೆಳಗಿಳಿಯಲಿಲ್ಲ. ಕಲ್ಲುಕುಟಿಗ ಬಂಡೆಯ ಮೇಲೆ ತಾನೇ ಕಡೆದ ಕಲ್ಲಿನಂತೆ ನಿಂತಿದ್ದ.

ಶತ್ರುವಿನ ತೋಪು ಗುಡುಗಬೇಕಾದ ಹೊತ್ತು ಬಂತು. ಗುಡುಗಲಿಲ್ಲ. ಹೊತ್ತು ಮೀರಿತು. ಹೊಂಡದ ಕಟ್ಟೆಯಿಂದ ಜಿನುಗುವ ನೀರಿನ ಸದ್ದು ಗೋಡೆಯವರೆಗೂ ಕೇಳಿತು. ಆಗ ಕೊಂಬಿನವನು ಯಾರ ಅಪ್ಪಣೆಗೂ ಕಾಯದೆ ಉಸಿರು ಕಟ್ಟಿ ಊದಿದ. ಕೋಟೆ ಕೋಟೆಯೇ ಎದ್ದು ಕೂಗಿತು. ನಾಯಕ ಬುರುಜಿನಿಂದ ಓಡಿ ಬಂದು, ಮದ್ದಿನ ಮಸಿ ಮೆತ್ತಿದ ತೋಪಿನವನನ್ನು ಹಾಗೆಯೇ ಅಪ್ಪಿಕೊಂಡ. ಮೈದುನ ತೋಪಿನ ಮೇಲೆ ಹತ್ತಿ ಕುಣಿದ. ಗಂಡಸರು ಹೊಂಡಕ್ಕಿಳಿದು ಬಿರುಕಿಗೆ ಸುಣ್ಣ ಮೆತ್ತಿದರು. ತೋಪು ಕಳೆದುಕೊಂಡ ಶತ್ರು ಮಾರನೆಯ ದಿನ ಡೇರೆ ಕಿತ್ತು ಹೊರಟುಹೋದ. ಅವನ ಕೊನೆಯ ಬಂಡಿ ಕಣ್ಮರೆಯಾಗುವವರೆಗೂ ಕೊಂಬು ನಿಲ್ಲಲಿಲ್ಲ.

ಕಲ್ಲುಕುಟಿಗ ಗುಡ್ಡದಿಂದ ಇಳಿದು ಬಂದಾಗ ತೋಪಿನವನು ತೋಪಿನ ಬಾಯಿ ತೊಳೆಯುತ್ತಿದ್ದ.

“ನಿನಗೋಸ್ಕರ ಬೀಸಲಿಲ್ಲ ಕಣಯ್ಯ, ತಿಳಿದುಕೋ. ಒಂದೊಂದು ತಪ್ಪಿದಾಗಲೂ ನನ್ನ ಹೊಟ್ಟೆ ತಣ್ಣಗಾಗುತ್ತಿತ್ತು” ಎಂದ ಕಲ್ಲುಕುಟಿಗ.

“ಗೊತ್ತು. ಅದಕ್ಕೇ ಅಷ್ಟು ಚೆನ್ನಾಗಿ ಕಾಣುತ್ತಿತ್ತು” ಎಂದ ತೋಪಿನವನು. ತೋಪಿನ ಬಾಯಿ ಒರೆಸುತ್ತ, “ಕೊನೆಯ ಗುಂಡು ದುಂಡಗಿತ್ತು” ಎಂದ.

“ಎಲ್ಲವೂ ದುಂಡಗಿದ್ದವು” ಎಂದು ಹೇಳಿ ಕಲ್ಲುಕುಟಿಗ ಮನೆಗೆ ನಡೆದ.

ನಾಯಕ ತೋಪಿನವನಿಗೆ ಎರಡನೆಯ ಕಡಗ ಮಾಡಿಸಲು ಹೊರಟ. ತೋಪಿನವನು ಬೇಡವೆಂದ. ಗುಡ್ಡದ ಕಾವಲು ಇನ್ನು ಮುಂದೆ ಕಲ್ಲುಕುಟಿಗನದೇ ಆಗಲಿ ಎಂದು ಕೇಳಿಕೊಂಡ. ಹಾಗೆಯೇ ಆಯಿತು.

ಗುರುಗಳು ಕತೆ ನಿಲ್ಲಿಸಿದರು. ಅಂಗಳದ ಆಚೆ ಈರಭದ್ರ ಯಾರಿಗೋ ಏನೋ ತಪ್ಪು ತೋರಿಸುತ್ತಿದ್ದ ದನಿ ಕೇಳುತ್ತಿತ್ತು.

“ಆಮೇಲೆ ಅವರಿಬ್ಬರೂ ಸ್ನೇಹಿತರಾದರೇ?” ಎಂದು ಶಿಷ್ಯ ಕೇಳಿದ.

“ಇಲ್ಲ” ಎಂದರು ಗುರುಗಳು. “ಆ ಕೋಟೆ ಮಾತ್ರ ಎಂದೂ ಯಾವ ಶತ್ರುವಿಗೂ ಬಾಗಿಲು ತೆರೆಯಲಿಲ್ಲ.”

ಶಿಷ್ಯ ತಾನು ಬಂದ ಕೆಲಸವನ್ನು ನೆನೆದು, “ಹಾಗಾದರೆ ಈರಭದ್ರ...” ಎಂದು ಮಾತನ್ನು ಅರ್ಧಕ್ಕೆ ನಿಲ್ಲಿಸಿದ.

“ನಾಳೆಯೇ ಕಳಿಸಿಬಿಡುತ್ತೇನೆ. ಆಮೇಲೆ ನಿನ್ನ ಗುಡ್ಡದ ಮೇಲೆ ಯಾರನ್ನು ನಿಲ್ಲಿಸಲಿ, ಹೇಳು” ಎಂದರು ಗುರುಗಳು.

ಮರುದಿನ ಸಂಜೆ ಪ್ರವಚನಕ್ಕೆ ಕೂರುವ ಮೊದಲು ಶಿಷ್ಯ ಈರಭದ್ರನಿಗೆ ಎದುರು ಸಾಲಿನಲ್ಲೇ ಚಾಪೆ ಹಾಸಿದ.