ಒಂದು ಚಮಚ ಹೆಪ್ಪು

ಹೊಳೆದಂಡೆಯ ಆಶ್ರಮದಲ್ಲಿ ಬೊಮ್ಮಯ್ಯ ತಾತ ಅಂತ ಒಬ್ಬರಿದ್ದರು. ಕೇಳಿದ್ದಕ್ಕೆ ನೆಟ್ಟಗೆ ಉತ್ತರ ಕೊಡುವ ಅಭ್ಯಾಸ ಅವರಿಗಿರಲಿಲ್ಲ. ಆದರೂ ಜನ ಕೇಳಲು ಬರುತ್ತಲೇ ಇದ್ದರು.

ಅವರ ಶಿಷ್ಯ ತಿಪ್ಪೇಶ. ಆಶ್ರಮದ ಅಡುಗೆ ಅವನದು, ಎರಡು ಹಸುಗಳ ಹಾಲು ಕರೆಯುವುದು ಅವನದು, ಸಂಜೆಯಾದರೆ ಊರಿನ ವಾಲಿಬಾಲ್ ತಂಡದ ನಾಯಕತ್ವವೂ ಅವನದೇ. ಆಶ್ರಮದ ಹಿಂದಿನ ಬಯಲಿನಲ್ಲಿ ಎರಡು ಕಂಬ ನೆಟ್ಟು, ಬಲೆ ಕಟ್ಟಿಕೊಂಡು ಆಡುತ್ತಿದ್ದರು. ತಾತ ಒಂದು ದಿನವೂ ಆಟ ನೋಡಲು ಹೋದವರಲ್ಲ. ಚೆಂಡು ಅಂಗಳಕ್ಕೆ ಬಂದು ಬಿದ್ದರೆ ಎತ್ತಿ ಎಸೆಯುತ್ತಿದ್ದರು, ಅಷ್ಟೆ.

ಆ ಬೇಸಿಗೆಯಲ್ಲಿ ತಂಡ ಸಾಲಾಗಿ ಐದು ಪಂದ್ಯ ಸೋತಿತು. ಆರನೆಯದು ಭಾನುವಾರ ಇತ್ತು. ಅದನ್ನೂ ಸೋತರೆ ತಾಲ್ಲೂಕಿನ ಪಂದ್ಯಾವಳಿಯಿಂದಲೇ ಹೊರಗೆ.

ಸೋಲಿಗೆಲ್ಲ ಓಬಣ್ಣನೇ ಕಾರಣ ಅಂತ ಊರು ಮಾತಾಡುತ್ತಿತ್ತು.

ಓಬಣ್ಣ ತಂಡದ ಸೆಟ್ಟರ್. ಹಿಂದಿನಿಂದ ಬಂದ ಚೆಂಡನ್ನು ಬೆರಳ ತುದಿಯಿಂದ ಬಲೆಯ ಮೇಲಕ್ಕೆ ಎತ್ತಿ ಕೊಡುವವನು. ಹಾರಿ ಹೊಡೆಯುವವನು ಬೇರೆ, ಚಪ್ಪಾಳೆ ಹೋಗುವುದೂ ಅವನಿಗೇ. ಆದರೆ ಪ್ರತಿ ಚೆಂಡೂ ಓಬಣ್ಣನ ಕೈ ಮುಟ್ಟಿಯೇ ಹೋಗಬೇಕು. ಹದಿನೆಂಟು ವರ್ಷದಿಂದ ಹಾಗೇ ನಡೆದುಕೊಂಡು ಬಂದಿತ್ತು. ಹಗಲು ಗಾರೆ ಕೆಲಸ ಮಾಡಿ ಬಿರಿದ ಬೆರಳುಗಳು, ಸಂಜೆ ಚೆಂಡು ಸಿಕ್ಕರೆ ಹೂವಿನಷ್ಟು ಮೆತ್ತಗಾಗುತ್ತಿದ್ದವು.

ಈಗ ಅವನಿಗೆ ನಲವತ್ತಾಗಿತ್ತು. ಬಲ ಮೊಣಕಾಲಿಗೆ ಪಟ್ಟಿ ಬಂದಿತ್ತು. ಚೆಂಡಿನ ಕೆಳಗೆ ಒಂದು ಹೆಜ್ಜೆ ತಡವಾಗಿ ಬರುತ್ತಿದ್ದ. ಆ ಒಂದು ಹೆಜ್ಜೆಯಲ್ಲೇ ಪಂದ್ಯಗಳು ಹೋಗುತ್ತಿದ್ದವು. ಇದು ಸುಳ್ಳಲ್ಲ. ತಿಪ್ಪೇಶ ತನ್ನ ಕಣ್ಣಾರೆ ನೋಡಿದ್ದ.

ಓಬಣ್ಣನ ಜಾಗಕ್ಕೆ ಮಲಿಯಪ್ಪ ಅಂತ ಒಬ್ಬ ಹುಡುಗ ತಯಾರಾಗಿದ್ದ. ಇಪ್ಪತ್ತೆರಡರ ವಯಸ್ಸು, ಚಿಗರೆಯ ಕಾಲು. ಕೈ ಮಾತ್ರ ಇನ್ನೂ ಒರಟು.

ತಿಪ್ಪೇಶನಿಗೆ ನಿದ್ದೆ ಹತ್ತದೆ ನಾಲ್ಕು ದಿನವಾಗಿತ್ತು. ಹನ್ನೆರಡು ವರ್ಷದವನಿದ್ದಾಗ ಅವನ ಕೈ ಹಿಡಿದು ಬೆರಳು ಹೇಗೆ ಬಿಡಿಸಬೇಕು ಅಂತ ತೋರಿಸಿದವನು ಇದೇ ಓಬಣ್ಣ. ‘ಚೆಂಡನ್ನ ಹೊಡೀಬ್ಯಾಡ. ನೆಂಟರು ಬಂದಂಗೆ ಬರಮಾಡ್ಕೊ, ಆಮೇಲೆ ಕಳಿಸು’ ಅಂದಿದ್ದ. ಅಂಥವನಿಗೆ ನೀನು ಬೇಡ ಅಂತ ಹೇಳುವ ಬಾಯಿ ತಿಪ್ಪೇಶನಿಗೆ ಇರಲಿಲ್ಲ. ತಾತನ ಬಾಯಿಂದ ಹೇಳಿಸಿಬಿಟ್ಟರೆ ತನ್ನ ತಲೆ ಮೇಲಿನ ಭಾರ ಇಳಿಯುತ್ತದೆ ಅಂತ ಒಳಗೊಳಗೇ ಲೆಕ್ಕ ಹಾಕಿದ್ದ. ಶಿಷ್ಯರು ಇಂಥ ವಿಷಯದಲ್ಲಿ ಬಲು ಜಾಣರು.

ಬುಧವಾರ ಮಧ್ಯಾಹ್ನ ತಾತನಿಗೆ ಊಟ ಬಡಿಸುತ್ತಾ ಎಲ್ಲವನ್ನೂ ಹೇಳಿಕೊಂಡ. ಐದು ಸೋಲು, ಮೊಣಕಾಲು, ಮಲಿಯಪ್ಪ, ಊರವರ ಮಾತು. ತಾತ ಮುದ್ದೆ ಮುರಿಯುತ್ತಾ ಕೇಳಿದರು.

ಕೊನೆಗೆ ತಿಪ್ಪೇಶ ಅಂದ: “ನೀವೇ ಹೇಳ್ರಿ ತಾತ. ಓಬಣ್ಣನ್ನ ತೆಗೀಲಾ, ಬ್ಯಾಡ್ವಾ?”

ತಾತ ಅನ್ನಕ್ಕೆ ಮೊಸರು ಹಾಕಿಸಿಕೊಂಡು ಒಂದು ತುತ್ತು ಬಾಯಿಗಿಟ್ಟರು. ಮುಖ ಹಿಂಡಿದರು.

“ಮೊಸರು ಹುಳಿ ಬಂದೈತೆ.”

“ಬಿಸಿಲು ಜೋರಲ್ವಾ ತಾತ.”

“ಊಟಕ್ಕಾಗಲ್ಲ. ತೆಗಿ ಇದನ್ನ.”

ಉತ್ತರ ಅಷ್ಟೇ. ತಾತ ಕೈ ತೊಳೆದು ಹೊಳೆಯ ಕಡೆ ಹೋದರು.

ತಿಪ್ಪೇಶನಿಗೆ ಸಿಟ್ಟು ಬಂತು. ಒಬ್ಬ ಮನುಷ್ಯನ ಮಾನದ ಪ್ರಶ್ನೆ ತಂದರೆ ಇವರಿಗೆ ಮೊಸರಿನ ಚಿಂತೆ. ಗೊಣಗಿಕೊಂಡೇ ಮೊಸರಿನ ಗಡಿಗೆ ಎತ್ತಿಕೊಂಡು ಹೋಗಿ, ಇದ್ದದ್ದನ್ನೆಲ್ಲ ಹಸುಗಳ ಕಲಗಚ್ಚಿನ ಬಾನಿಗೆ ಸುರಿದ. ಗಡಿಗೆಯನ್ನು ಬೂದಿ ಹಾಕಿ ಗಸಗಸ ಉಜ್ಜಿ ತೊಳೆದು ಬಿಸಿಲಿಗೆ ಬೋರಲು ಹಾಕಿದ. ಮನಸ್ಸು ಅಲ್ಲಿ ಇರಲಿಲ್ಲ.

ಸಂಜೆ ಹಾಲು ಕಾಯಿಸಿ ಆರಲು ಇಟ್ಟು, ಹೆಪ್ಪು ಹಾಕಲು ಗೂಡಿನಲ್ಲಿದ್ದ ಪುಟ್ಟ ಬಟ್ಟಲಿಗೆ ಕೈ ಹಾಕಿದ. ಬಟ್ಟಲು ಖಾಲಿ ಇತ್ತು.

ಆಗ ನೆನಪಾಯಿತು. ದಿನವೂ ಗಡಿಗೆ ತೊಳೆಯುವ ಮುಂಚೆ ಒಂದು ಚಮಚ ಹಳೆಯ ಮೊಸರನ್ನು ಆ ಬಟ್ಟಲಿಗೆ ತೆಗೆದಿಡುವುದು ಅವನ ಪದ್ಧತಿ. ಇವತ್ತು ತೆಗೆದಿಟ್ಟಿರಲಿಲ್ಲ. ತಾತನ ಗುರುಗಳ ಕಾಲದಿಂದ, ಒಂದು ದಿನದ ಮೊಸರು ಮರುದಿನದ ಹಾಲಿಗೆ ಹೆಪ್ಪಾಗಿ, ಒಂದು ದಿನವೂ ಕಡಿಯದೆ ನಡೆದು ಬಂದಿದ್ದನ್ನು ಹಸುವಿನ ಬಾನಿಗೆ ಸುರಿದುಬಿಟ್ಟಿದ್ದ.

ತಾತನಿಗೆ ಹೋಗಿ ಹೇಳಿದ. ಬೈಯುತ್ತಾರೆ ಅಂದುಕೊಂಡಿದ್ದ. ತಾತ ಬೈಯಲಿಲ್ಲ.

“ತೆಗಿ ಅಂದೆ. ತೆಗೆದಿಡೋದು ಮರೆತೆ ಅನ್ನು.”

“ಹೂಂ ತಾತ.”

“ದುರುಗಮ್ಮನ ಮನೆಗೆ ಹೋಗಿ ಕೇಳು.”

ದುರುಗಮ್ಮನ ಮನೆ ಹೊಲ ದಾಟಿದರೆ ಸಿಗುತ್ತದೆ. ಆಶ್ರಮದವನೇ ಹೆಪ್ಪು ಕೇಳಲು ಬಂದದ್ದು ನೋಡಿ ಆಕೆ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ಸುತ್ತಲಿನ ಏಳೆಂಟು ಮನೆಯವರು ಹೆಪ್ಪು ಒಯ್ಯುತ್ತಿದ್ದದ್ದು ಆಶ್ರಮದಿಂದ. ತನ್ನ ಮನೆಯದೂ ಹೋದ ದೀಪಾವಳಿಗೆ ಅಲ್ಲಿಂದ ತಂದದ್ದೇ ಅಂತ ಹೇಳಿ, ಒಂದು ಲೋಟದ ತಳಕ್ಕೆ ಮೊಸರು ಹಾಕಿ ಕೊಟ್ಟಳು.

ಕೊಡುವಾಗ ಒಂದು ಮಾತು ಹೇಳಿದಳು. “ಹಾಲು ಆರಿಬಿಟ್ಟಿದ್ರೆ ಇನ್ನೊಂದ್ಸಲ ಒಲೆ ಮೇಲಿಡಪ್ಪ. ತಣ್ಣನ ಹಾಲಿಗೆ ಹಾಕಿದ್ರೆ ಎಂಥಾ ಹೆಪ್ಪಾದ್ರೂ ಕೂಡಲ್ಲ, ಮೊಸರಾಗಲ್ಲ. ಬೆರಳಿಟ್ರೆ ಹಿತ ಅನ್ನಿಸ್ಬೇಕು, ಅಷ್ಟು ಬೆಚ್ಚಗಿರ್ಲಿ.”

ತಿಪ್ಪೇಶ ಹೂಂ ಹೂಂ ಅಂದ. ಅಡುಗೆ ಮನೆಯಲ್ಲಿ ಹದಿನೈದು ವರ್ಷ ಕಳೆದವನಿಗೆ ಅದನ್ನು ಬೇರೆ ಹೇಳಿಕೊಡಬೇಕೆ ಅಂದುಕೊಂಡ.

ಲೋಟ ಹಿಡಿದು ಹೊಲದ ಬದುವಿನ ಮೇಲೆ ಬರುವಾಗ ಅವನಿಗೆ ಥಟ್ಟನೆ ಹೊಳೆಯಿತು. ಓಬಣ್ಣನನ್ನು ತೆಗೆಯಬೇಕು, ಆದರೆ ತೆಗೆದು ಎಸೆಯಬಾರದು. ಮಲಿಯಪ್ಪನಿಗೆ ಕಲಿಸಲು ತೆಗೆದಿಡಬೇಕು. ಹುಳಿ ಮೊಸರು ಊಟಕ್ಕಾಗಲ್ಲ, ಹೆಪ್ಪಿಗೆ ಆಗುತ್ತದೆ. ತಾತ ಎಷ್ಟು ಚೆನ್ನಾಗಿ ಹೇಳಿಬಿಟ್ಟರು ಅಂತ ಖುಷಿಯಾಗಿ, ಬದುವಿನ ಮೇಲೆ ಹೆಚ್ಚುಕಡಿಮೆ ಓಡಿಕೊಂಡೇ ಬಂದ. ಲೋಟದ ಮೊಸರು ಅರ್ಧ ಚೆಲ್ಲಿತು. ಹಾಲನ್ನು ಮತ್ತೆ ಬೆಚ್ಚಗೆ ಮಾಡಿ, ಉಳಿದದ್ದನ್ನೇ ಹೆಪ್ಪು ಹಾಕಿದ.

ಗುರುವಾರ ಸಂಜೆ ಆಟಕ್ಕೆ ಎಲ್ಲರೂ ಸೇರಿದ್ದರು. ಓಬಣ್ಣ ಕಂಬಕ್ಕೆ ಒರಗಿ ಕೂತು ಮೊಣಕಾಲಿಗೆ ಪಟ್ಟಿ ಏರಿಸಿಕೊಳ್ಳುತ್ತಿದ್ದ. ತಿಪ್ಪೇಶ ಎಲ್ಲರಿಗೂ ಕೇಳುವಂತೆ ಹೇಳಿದ: ಭಾನುವಾರ ಮಲಿಯಪ್ಪ ಸೆಟ್ ಮಾಡುತ್ತಾನೆ, ಓಬಣ್ಣ ಹೊರಗೆ ನಿಂತು ಅವನಿಗೆ ಕಲಿಸುತ್ತಾನೆ.

ಮಲಿಯಪ್ಪ ಚೆಂಡು ನೋಡುತ್ತಾ ನಿಂತ.

ಓಬಣ್ಣ ಏರಿಸಿಕೊಂಡಿದ್ದ ಪಟ್ಟಿಯನ್ನು ಮೆಲ್ಲಗೆ ಕೆಳಗಿಳಿಸಿದ. ಅದನ್ನು ಕಂಬದ ಮೊಳೆಗೆ ಸಿಕ್ಕಿಸಿದ. “ಆಗ್ಲಿ” ಅಂದ. ಚಪ್ಪಲಿ ಮೆಟ್ಟಿಕೊಂಡು ಮನೆ ಕಡೆ ನಡೆದ.

ಶುಕ್ರವಾರ ಬರಲಿಲ್ಲ. ಶನಿವಾರವೂ ಬರಲಿಲ್ಲ. ಮಲಿಯಪ್ಪ ಎತ್ತಿ ಕೊಟ್ಟ ಚೆಂಡು ಒಂದು ಬಲೆಗೆ ಸಿಕ್ಕಿಕೊಂಡರೆ ಇನ್ನೊಂದು ಹೊಳೆ ಕಡೆ ಹೋಗುತ್ತಿತ್ತು. ಹುಡುಗ ಪ್ರತಿ ಸಲವೂ ಕಂಬದ ಕಡೆ ತಿರುಗಿ ನೋಡುತ್ತಿದ್ದ. ಅಲ್ಲಿ ಪಟ್ಟಿಯೊಂದೇ ನೇತಾಡುತ್ತಿತ್ತು. ಕಡೆಗೆ ಅವನೇ ಚೆಂಡು ಕೆಳಗಿಟ್ಟು, ತನಗೆ ಈ ಜಾಗ ಬೇಡ ಅಂದುಬಿಟ್ಟ.

ಪಂದ್ಯಕ್ಕೆ ಉಳಿದದ್ದು ಒಂದು ರಾತ್ರಿ.

ತಿಪ್ಪೇಶ ಪಟ್ಟಿಯನ್ನು ಮೊಳೆಯಿಂದ ಬಿಡಿಸಿಕೊಂಡು ಆಶ್ರಮಕ್ಕೆ ಬಂದ. ಹೊತ್ತು ಮುಳುಗುತ್ತಿತ್ತು. ತಾತ ಜಗಲಿಯಲ್ಲಿ ಕೂತು ಮೊಸರನ್ನ ಉಣ್ಣುತ್ತಿದ್ದರು.

“ಮೊಸರು ಚೆನ್ನಾಗಿ ಕೂಡೈತೆ” ಅಂದರು.

ತಿಪ್ಪೇಶನಿಗೆ ತಡೆಯಲಾಗಲಿಲ್ಲ. “ನೀವು ಹೇಳ್ದಂಗೇ ಮಾಡ್ದೆ ತಾತ. ಎಲ್ಲಾ ಕೆಟ್ಟೋಯ್ತು.”

“ನಾನೇನು ಹೇಳ್ದೆ?”

“ತೆಗೆದಿಡು ಅಂತ. ಓಬಣ್ಣನ್ನ.”

“ನಾನು ಮೊಸರಿನ ಮಾತಾಡಿದೆ.”

ತಿಪ್ಪೇಶ ನಡೆದದ್ದನ್ನೆಲ್ಲ ಬಿಡಿಸಿ ಹೇಳಿದ. ತಾತ ಉಣ್ಣುತ್ತಲೇ ಒಂದೊಂದಾಗಿ ಕೇಳಿದರು. ಎಲ್ಲಿ ಹೇಳಿದೆ? ಬಯಲಲ್ಲಿ, ಎಲ್ಲರ ಮುಂದೆ. ಅದಕ್ಕೂ ಮೊದಲು ಅವನ ಮನೆಗೆ ಹೋಗಿದ್ದೆಯಾ? ಇಲ್ಲ. ಹೋಗಿ ಎಷ್ಟು ದಿನವಾಯಿತು? ತಿಪ್ಪೇಶ ಯೋಚಿಸಿ ಹೇಳಿದ, ಎರಡನೇ ಪಂದ್ಯ ಸೋತಾಗಿನಿಂದ ಹೋಗಿಲ್ಲ.

ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಬಾಯಿ ಬಿಟ್ಟ ಮೇಲೆ ಉಳಿದದ್ದೂ ತಾನಾಗಿಯೇ ಬಂತು. ಆಟ ಮುಗಿದ ಮೇಲೆ ಎಲ್ಲರೂ ಒಟ್ಟಿಗೆ ಟೀ ಕುಡಿಯುತ್ತಿದ್ದರು. ಒಂದು ತಿಂಗಳಿಂದ ಓಬಣ್ಣ ಒಬ್ಬನೇ ಆಚೆ ಕಲ್ಲಿನ ಮೇಲೆ ಕೂತು ಕುಡಿಯುತ್ತಿದ್ದ. ಯಾರೂ ಕರೆಯುತ್ತಿರಲಿಲ್ಲ. ಕಾಲು ಹೇಗಿದೆ ಅಂತ ಒಬ್ಬರೂ ಕೇಳಿರಲಿಲ್ಲ. ತಾನೂ ಕೇಳಿರಲಿಲ್ಲ. ಓಬಣ್ಣ ಎದುರಿಗೆ ಬಂದರೆ ತಾನೇ ಕಣ್ಣು ತಪ್ಪಿಸುತ್ತಿದ್ದ. ಇದನ್ನು ಹೇಳುವಾಗ ತಿಪ್ಪೇಶನಿಗೆ ನಾಚಿಕೆಯಾಗಿತ್ತು, ಅದನ್ನು ಮುಚ್ಚಿಡಲೂ ಇಲ್ಲ.

ತಾತ ಬಟ್ಟಲಿನ ತಳದಲ್ಲಿ ಉಳಿದ ಮೊಸರನ್ನು ಬೆರಳಿನಿಂದ ಬಳಿದು ಬಾಯಿಗಿಟ್ಟುಕೊಂಡರು.

ತಿಪ್ಪೇಶ ಕೈಯಲ್ಲಿದ್ದ ಪಟ್ಟಿಯನ್ನು ಮಡಚುತ್ತಾ, ಬಿಡಿಸುತ್ತಾ ನಿಂತಿದ್ದ.

“ಹೆಪ್ಪೇನೋ ಹಾಕ್ದೆ ತಾತ” ಅಂದ. “ಕೂಡ್ಲಿಲ್ಲ.”

ತಾತ ತಲೆ ಎತ್ತಿ ನೋಡಿದರು.

“ಹಾಲು ಬೆಚ್ಚಗಿತ್ತೇನೋ?”