ಬಿಸಿ ಮುಟ್ಟಿದ ಕನ್ವರ್ಟರು

ನಗರಸಭೆಯ ಇತಿಹಾಸದಲ್ಲೇ ಅದು ಕರಾಳ ದಿನ. ಪರಿಸರ ಅಧಿಕಾರಿ ಗುರುಲಿಂಗಪ್ಪನವರ ಕಾರು ಹೊಗೆ ತಪಾಸಣೆಯಲ್ಲಿ ಫೇಲಾಯಿತು.

"ಸಂಜೆಯೊಳಗೆ ಪಾಸಾಗಬೇಕು. ಇಲ್ಲದಿದ್ದರೆ ನೀನು ಸಸ್ಪೆಂಡ್!" ಎಂದು ಅವರು ಡ್ರೈವರನ ಮೇಲೆ ಹರಿಹಾಯ್ದರು.

"ಹೊಗೆ ಶುದ್ಧ ಮಾಡೋ ಕನ್ವರ್ಟರು ಬಿಸಿ ಮುಟ್ಟಿದರೇನೇ ಕೆಲಸ ಮಾಡೋದು ಸಾರ್. ನಿಮ್ಮ ಮನೆಯಿಂದ ಆಫೀಸಿಗೆ ಎರಡೇ ಫರ್ಲಾಂಗು, ಅದು ಬೆಚ್ಚಗಾಗೋದೇ ಇಲ್ಲ. ದೂರ ಓಡಿಸಬೇಕು. ಭಾರ ಇದ್ದರೆ ಬೇಗ ಕಾಯುತ್ತೆ, ತಾವೂ ಕೂತ್ಕೊಳ್ಳಿ."

ಅವರು ಕೂತರು. ಡ್ರೈವರ್ ಊರೆಲ್ಲ ಸುತ್ತಿಸಿ, ಆರು ತಿಂಗಳಿಂದ ಯಾರೂ ಕಸ ಎತ್ತದಿದ್ದ ತನ್ನ ಬಡಾವಣೆಯಲ್ಲಿ ಎಂಜಿನ್ ಆರಿಸದೆ ನಿಲ್ಲಿಸಿದ. ಹೆಂಗಸರು ಕಾರನ್ನು ಸುತ್ತುವರಿದರು.

"ಇಳೀರಿ ಸ್ವಾಮಿ, ಮೂಗು ಮುಚ್ಚಿಕೊಳ್ಳದೆ ಐದು ನಿಮಿಷ ನಿಂತು ತೋರಿಸಿ!"

"ಲೋ, ಹೊರಡೋ!" ಗುರುಲಿಂಗಪ್ಪನವರು ಬೆವರಿದರು.

"ಇನ್ನೂ ಸರಿಯಾಗಿ ಬಿಸಿ ಮುಟ್ಟಿಲ್ಲ ಸಾರ್."

ಅವರು ಅಲ್ಲಿಂದಲೇ ಕಸದ ಲಾರಿಗೆ ಫೋನ್ ಮಾಡಿದರು.

"ಈಗ ಮುಟ್ಟಿತು," ಎಂದು ಡ್ರೈವರ್ ಗಾಡಿ ತಿರುಗಿಸಿದ.

ನಾಲ್ಕೂವರೆಗೆ ಕಾರು ಪಾಸಾಯಿತು.